ದೀಪ ಹಚ್ಚಿದರೆ ಹಾಡುವ ಮಗ್ಗದ ಕೋಣೆ

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ದೇವಿಕಾಳಷ್ಟು ಮಾತಿನ ಆಸೆಯವಳು ಇನ್ನೊಬ್ಬಳಿರಲಿಲ್ಲ, ಅವಳಷ್ಟು ಮಾತಿಗೆ ಬರಗೆಟ್ಟವಳೂ ಇರಲಿಲ್ಲ. ಮನೆಯಲ್ಲಿದ್ದುದು ಒಂದೇ ಮಗ್ಗ. ಬೆಳಗಿನಿಂದ ಊಟದ ಹೊತ್ತಿನವರೆಗೆ ಅದರ ಮುಂದೆ ಕಾಲು ಇಳಿಬಿಟ್ಟು ಕೂರುವ ಕುಣಿಯಲ್ಲಿ ಅತ್ತೆ ಮೊಗುಲಮ್ಮ ಕೂರುತ್ತಿದ್ದಳು, ಊಟದ ನಂತರ ದೇವಿಕಾ. ಅತ್ತೆಗೆ ಎರಡು ವರ್ಷದಿಂದ ಕಿವಿ ಮಂದ. ಎಡಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಅರ್ಧ ಕೇಳುತ್ತಿತ್ತು, ಉಳಿದರ್ಧವನ್ನು ಆಕೆ ತಾನೇ ಊಹಿಸಿಕೊಳ್ಳುತ್ತಿದ್ದಳು. ಗಂಡ ನಾಗಯ್ಯನೋ, ನೂಲು ತರುವುದು, ಸೀರೆ ಒಯ್ಯುವುದು ಅಂತ ಸದಾ ಹೊರಗೇ.

ಹಾಗಾಗಿ ಮಕ್ತಲದಲ್ಲಿ ಕರೆಂಟಿನ ಕೆಲಸ ಮಾಡುವ ತಮ್ಮ ಬಾಲರಾಜ್, ಯಾವುದೋ ಫಂಕ್ಷನ್ ಹಾಲಿನ ಚಾವಣಿಯಿಂದ ಬಿಚ್ಚಿದ ದುಂಡನೆಯ ಸ್ಪೀಕರ್ ತಂದಾಗ ದೇವಿಕಾ ಹಿಗ್ಗಿಹೋದಳು. ಅವನು ಅದನ್ನು ಮಗ್ಗದ ನೆತ್ತಿಗೆ ಸರಿಯಾಗಿ ಜಂತಿಗೆ ಬಿಗಿದು, ಹಾಡು ತುಂಬಿದ ಪೆನ್‌ಡ್ರೈವ್ ಸಿಕ್ಕಿಸಿ, ತಂತಿಯನ್ನು ಟ್ಯೂಬ್‌ಲೈಟಿನ ಸ್ವಿಚ್ಚಿಗೇ ಕೂಡಿಸಿದ.

"ಬ್ಯಾರೆ ಸ್ವಿಚ್ ಯಾಕ ಬೇಕಕ್ಕ? ಲೈಟ್ ಹಾಕು, ಹಾಡು ಬರ್ತೈತಿ. ಲೈಟ್ ಆರಸು, ಬಂದ್ ಆಗ್ತೈತಿ," ಎಂದ.

ಅದು ಕಿಟಕಿಯಿಲ್ಲದ ಕೋಣೆ. ಹಗಲಲ್ಲೂ ಲೈಟು ಬೇಕು, ಅಲ್ಲಿಗೆ ಹಾಡೂ ದಿನವಿಡೀ. ಊಟಕ್ಕೆ ಏಳುವಾಗ ಲೈಟು ಆರಿಸಿ ಮತ್ತೆ ಹಾಕಿದರೆ ಮೊದಲ ಹಾಡಿನಿಂದಲೇ ಶುರು. ಬೆಳಿಗ್ಗೆ ಅತ್ತೆ ತನ್ನ ಪಾಡಿಗೆ ಲಾಳಿ ಎಸೆಯುತ್ತ ಕುಳಿತಿದ್ದರೆ ಮೇಲೆ ಡೊಳ್ಳು ಬಡಿದುಕೊಳ್ಳುತ್ತಿತ್ತು. ಕಿವುಡರ ಮುಂದೆ ಕಿನ್ನರಿ ಬಾರಿಸೋದು ಅಂದರೆ ಇದೇ ಎಂದು ಓಣಿಯವರು ನಕ್ಕರು. ನಗಲಿ ಬಿಡಿ, ಮಧ್ಯಾಹ್ನದ ದೇವಿಕಾಳಿಗೆ ಅದು ಸ್ವರ್ಗವಾಗಿತ್ತು.

ತಿಂಗಳಾಗುವಷ್ಟರಲ್ಲಿ ಸೀರೆ ಕೊಳ್ಳುವ ಸಾಹುಕಾರರು ಒಂದು ಸೀರೆಯನ್ನು ವಾಪಸು ಕಳಿಸಿದರು. ಸಣ್ಣ ಸಣ್ಣ ಚೌಕಗಳ ಸೀರೆ ಅದು. ಚೌಕಗಳು ಕೆಲವು ಕಡೆ ಚಪ್ಪಟೆ, ಕೆಲವು ಕಡೆ ಉದ್ದ. ಎಳೆಗಳೇನೋ ಸರಿಯಾಗಿದ್ದವು, ಎಳೆ ಒತ್ತುವ ಹಲಗೆ ಬಡಿದ ಕೈ ಮಾತ್ರ ಹೆಚ್ಚು ಕಡಿಮೆಯಾಗಿತ್ತು. ಜೋರಾಗಿ ಬಡಿದರೆ ಎಳೆಗಳು ಒತ್ತಿ ಕೂರುತ್ತವೆ, ಮೆಲ್ಲಗೆ ಬಡಿದರೆ ಸಡಿಲ.

"ಅವ್ವನ ಕೈ ಸೋತಾವ," ಎಂದ ನಾಗಯ್ಯ. "ಸೋಮವಾರದಿಂದ ಆಕಿ ಮಗ್ಗಕ್ಕ ಕೂಡೋದು ಬ್ಯಾಡ. ಲಾಳಿಯ ಕಂಡಿಕಿಗೆ ನೂಲು ಸುತ್ತಿಕೊಂಡಿರಲಿ."

"ನಾನೂ ಹಂಗ ಅನ್ಕೊಂಡಿದ್ದೆರಿ," ಎಂದಳು ದೇವಿಕಾ.

ಮೊಗುಲಮ್ಮನಿಗೆ ಮಗ ಕೂಗಿ ಹೇಳಿದ. ಹತ್ತನೇ ವಯಸ್ಸಿಗೆ ಮಗ್ಗ ಹಿಡಿದವಳು, ಅರವತ್ತೆಂಟಕ್ಕೆ ತನ್ನ ಅಂಗೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. ಅವತ್ತು ಊಟಕ್ಕೆ ಬರಲಿಲ್ಲ.

ದೇವಿಕಾಳಿಗೆ ಒಂದು ಚಾಳಿಯಿತ್ತು, ಯಾವುದನ್ನೂ ಕೆದಕದೆ ಬಿಡುವವಳಲ್ಲ. ಮುದಿ ಕೈ ಯಾವಾಗ ಸೋಲುತ್ತದೆ, ಕುಳಿತ ಹೊಸದರಲ್ಲೋ, ಏಳುವ ಹೊತ್ತಿಗೋ? ಮಗ್ಗದ ಮೇಲೆ ಅಂಥದೇ ಇನ್ನೊಂದು ಸೀರೆ ಅರ್ಧ ಆಗಿತ್ತು. ಒಬ್ಬರು ಎದ್ದು ಇನ್ನೊಬ್ಬರು ಕುಳಿತ ಕಡೆಯಲ್ಲೆಲ್ಲ ಅಂಚಿಗೆ ಕೆಂಪು ನೂಲು ಕಟ್ಟಿ ಗುರುತು ಮಾಡುವುದು ಆ ಮನೆಯ ರೂಢಿ. ಅವಳು ಮಗ್ಗಕ್ಕೆ ಸುತ್ತಿದ್ದ ನೇಯ್ದ ಬಟ್ಟೆಯನ್ನು ಬಿಚ್ಚಿ, ಬೆಂಕಿಕಡ್ಡಿಯೊಂದನ್ನು ಚೌಕದ ಅಳತೆಗೆ ಮುರಿದು, ಒಂದೊಂದರ ಮೇಲೂ ಇಟ್ಟು ನೋಡತೊಡಗಿದಳು.

ಅತ್ತೆ ಬೆಳಿಗ್ಗೆ ನೇಯ್ದದ್ದು ಮೊದಲಿಂದ ಕೊನೆತನಕ ಕಡ್ಡಿಗೆ ಸರಿಯಾಗಿತ್ತು. ತಾನು ಮಧ್ಯಾಹ್ನ ನೇಯ್ದದ್ದು? ಶುರುವಿನ ಆರು ಚೌಕ ಚಪ್ಪಟೆ, ನಾಲ್ಕು ಉದ್ದ, ಮತ್ತೆ ಏಳು ಚಪ್ಪಟೆ, ಮುಂದೆಯೂ ಹೀಗೇ. ಹಿಂದಿನ ದಿನದ್ದೂ ಆರು, ನಾಲ್ಕು, ಏಳು. ಅದರ ಹಿಂದಿನ ದಿನದ್ದೂ ಅಷ್ಟೇ.

ಸೋತ ಕೈ ದಿನಾ ಒಂದೇ ಕ್ರಮದಲ್ಲಿ ಸೋಲುತ್ತದೆಯೇ? ಲೈಟು ಹಾಕಿ ಕುಳಿತಳು. ಮೊದಲ ಹಾಡು ಡೊಳ್ಳಿನದು. ಕೈ ಅದರ ಹಿಂದೆಯೇ ಧಡಧಡ ಬಡಿಯುತ್ತ ಓಡಿತು. ಎರಡನೆಯದು ಜೋಗುಳ; ಕೈ ತೂಕಡಿಸಿತು. ಮೂರನೆಯದಕ್ಕೆ ಮತ್ತೆ ಓಟ. ಲೈಟು ಆರಿಸಿ, ಬಾಗಿಲು ಪೂರಾ ತೆರೆದು, ಬಂದಷ್ಟು ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಹತ್ತು ಚೌಕ ನೇಯ್ದಳು. ಹತ್ತೂ ಕಡ್ಡಿಗೆ ಸರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳೋ ತಾನು ಕುಣಿಯುತ್ತ ಕುಳಿತು ಅತ್ತೆಯ ಕೈ ಡೊಂಕು ಅಂದಿದ್ದಳು.

ತಂತಿ ಬಿಚ್ಚಿಹಾಕು ಬಾ ಎಂದು ತಮ್ಮನಿಗೆ ಫೋನು ಮಾಡಿದಳು. ಯಾಕೆಂದು ಹೇಳಲಿಲ್ಲ. ಸುಮ್ಮನಿದ್ದರೂ ನಡೆಯುತ್ತಿತ್ತು. ಹಾಡು ನಿಲ್ಲುತ್ತದೆ, ಅತ್ತೆ ಕುಣಿ ಬಿಡುತ್ತಾಳೆ, ಚೌಕಗಳು ನೆಟ್ಟಗಾಗುತ್ತವೆ. ನೋಡಿದಿರಾ, ಮುದುಕಿಯದೇ ತಪ್ಪು ಎಂದು ಎಲ್ಲರೂ ಒಪ್ಪುತ್ತಾರೆ. ಇಂಥ ಯೋಚನೆ ಬಂತಲ್ಲ ಎಂದು ದೇವಿಕಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಎರಡು ದಿನ ಬಾಯಿ ಬಿಡಲಿಲ್ಲ.

ಭಾನುವಾರ ಬಾಲರಾಜ್ ಬಂದು ಏಣಿ ಹತ್ತಿದ. ನಾಗಯ್ಯ ಕೆಳಗೆ ಏಣಿ ಹಿಡಿದಿದ್ದ. ಆಗ ಮೊಗುಲಮ್ಮ ಒಳಗೆ ಬಂದು, ತಾನು ಕೂರುತ್ತಿದ್ದ ಹಳೇ ದಿಂಬನ್ನು ಕುಣಿಯಿಂದ ಎತ್ತಿ, ಧೂಳು ಕೊಡವಿ, ಕಂಕುಳಲ್ಲಿಟ್ಟುಕೊಂಡಳು. ದೇವಿಕಾ ಅತ್ತೆಯ ಹತ್ತಿರ ಹೋದಳು.

"ಅತ್ತಿ, ನಿಮ್ಮ ಕೈ ಕೆಟ್ಟಿಲ್ಲ. ನನ್ನ ಕೈ ಕೆಟ್ಟೈತಿ," ಎಂದಳು ಮೆಲ್ಲಗೆ.

"ಏನಂದಿ?"

ಮೆಲ್ಲಗೆ ಒಪ್ಪಿಕೊಳ್ಳುವ ಸೌಲಭ್ಯ ಆ ಮನೆಯಲ್ಲಿರಲಿಲ್ಲ. ದೇವಿಕಾ ಅತ್ತೆಯ ಎಡಗಿವಿಗೆ ಬಾಯಿಟ್ಟಳು.

"ತಪ್ಪು ನಂದು! ಹಾಡು ಕೇಳ್ಕೋತ ನಾನ ಕೆಡಿಸೀನಿ! ಕಡ್ಡಿ ಇಟ್ಟು ನೋಡೀನಿ, ನಿಮ್ಮದು ಒಂದು ಚೌಕಾನೂ ಕೆಟ್ಟಿಲ್ಲ!"

ನಾಗಯ್ಯ ಏಣಿ ಬಿಟ್ಟು ತಿರುಗಿದ. ಮೇಲಿದ್ದ ಬಾಲರಾಜ್ ಜಂತಿ ಅಪ್ಪಿಕೊಂಡ. ಎದುರುಮನೆಯ ಪೆಂಟಮ್ಮ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು.

ಮೊಗುಲಮ್ಮ ದಿಂಬನ್ನು ಕುಣಿಯಲ್ಲಿಟ್ಟು, ಇಳಿದು ಕುಳಿತಳು. ಹಲಗೆಯ ಮೇಲೆ ಎರಡೂ ಕೈ ಇಟ್ಟಳು. ಕಣ್ಣು ತುಂಬಿದ್ದವು, ಕೆನ್ನೆ ನಗುತ್ತಿತ್ತು. ಆಮೇಲೆ ಎಡಗಿವಿಯನ್ನು ಸೊಸೆಯತ್ತ ಒಡ್ಡಿದಳು.

"ಸರಿಯಾಗಿ ಕೇಳಲಿಲ್ಲ ಯವ್ವಾ. ಇನ್ನೊಮ್ಮಿ ಹೇಳು."

ಅತ್ತೆಗೆ ಕೇಳಿಸಿದೆ ಎಂಬುದು ದೇವಿಕಾಳಿಗೂ ಗೊತ್ತಿತ್ತು. ಅವಳು ಬಾಗಿ, ಮೊದಲಿಗಿಂತ ಜೋರಾಗಿ, ಓಣಿಯ ಆ ತುದಿಗೂ ಮುಟ್ಟುವಂತೆ ಕೂಗಿದಳು.