ಕಾಣದಿದ್ದಕ್ಕೆ ಅಂಕವಿಲ್ಲ

ಹತ್ತೊಂಬತ್ತು ವರ್ಷದಿಂದ ನಾನು ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿದ್ದೇನೆ. ಎತ್ತಿದ್ದೇನೆ, ಒರೆಸಿದ್ದೇನೆ, ಮೈಮೇಲೆ ವಾಂತಿ ಮಾಡಿಸಿಕೊಂಡಿದ್ದೇನೆ, ಬೈಸಿಕೊಂಡಿದ್ದೇನೆ. ಕಳೆದ ಆರು ವರ್ಷದಿಂದ ಕೆಳಮಹಡಿಯ ಮೇಲ್ವಿಚಾರಕಿ. ಈಗ ಹೊಸ ನಿಯಮ ಬಂದಿದೆ, ಸರ್ಟಿಫಿಕೇಟ್ ಇಲ್ಲದವರು ಆ ಕುರ್ಚಿಯಲ್ಲಿ ಕೂರುವ ಹಾಗಿಲ್ಲವಂತೆ. ಮೂರು ತಿಂಗಳೊಳಗೆ ಪಾಸಾದರೆ ಸರಿ. ಇಲ್ಲದಿದ್ದರೆ, ದಿಂಬಿಗೆ ಕವರ್ ಹಾಕುವುದನ್ನೂ ನಾನೇ ಕಲಿಸಿದ ಹುಡುಗಿ ಅಲ್ಲಿ ಕೂರುತ್ತಾಳೆ, ನಾನು ಅವಳ ಮುಂದೆ ರಜೆಚೀಟಿ ಹಿಡಿದು ನಿಲ್ಲಬೇಕು.

ಹಾಗಾಗಿ ನಲವತ್ತೇಳನೇ ವಯಸ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಸೇರಿದೆ ಅಂದರೆ ಫೋನಿಗೆ ಸೇರಿದೆ. ಓದನ್ನು ಅರ್ಧಕ್ಕೆ ಬಿಟ್ಟವರಿಗೆ, ಕೆಲಸದಲ್ಲಿರುವವರಿಗೆ, ಮನೆ ಬಿಟ್ಟು ಹೊರಡಲಾಗದವರಿಗೆ ಅಂತಲೇ ಮಾಡಿದ ರೋಗಿಗಳ ಆರೈಕೆಯ ಕೋರ್ಸು. ರೆಕಾರ್ಡ್ ಮಾಡಿಟ್ಟ ಪಾಠವಲ್ಲ, ನೇರ ತರಗತಿ. 'ಇಲ್ಲಿ ಯಾರೂ ಒಂಟಿಯಲ್ಲ' ಎಂದು ಜಾಹೀರಾತಿನಲ್ಲಿ ಬರೆದಿದ್ದರು. ಅದು ಮಾತ್ರ ನಿಜ. ಅಂಗೈಯಗಲದ ಪರದೆಯಲ್ಲಿ ಮೂವತ್ತಾರು ಚೌಕ, ಚೌಕಕ್ಕೊಂದು ಮುಖ. ಒಬ್ಬ ಬಸ್ಸಿನ ಡ್ರೈವರು, ಒಬ್ಬಳು ಮಗುವಿಗೆ ಹಾಲು ಕುಡಿಸುತ್ತಾ ಕೂತ ತಾಯಿ, ಗೇಟಿನ ಬಳಿಯ ಗೂಡಿನಲ್ಲಿ ಕೂತ ಇಬ್ಬರು ಕಾವಲುಗಾರರು. ಪಾಠ ಹೇಳುವ ಮೇಡಂಗೆ, ನನಗೊಬ್ಬಳು ಮಗಳಿದ್ದಿದ್ದರೆ ಅವಳ ವಯಸ್ಸು. ಒಳ್ಳೆಯವರೇ. ಆದರೆ ಅವರ ಕೈ ನೋಡಿದರೆ ಒಂದು ದಿನವೂ ಯಾರನ್ನೂ ಎತ್ತಿದ ಕೈಯಲ್ಲ.

ಬರವಣಿಗೆಯ ಪರೀಕ್ಷೆಯಲ್ಲಿ 'ರೋಗಿಯ ಘನತೆ' ಎಂಬ ಪಾಠದ ಮೇಲೆ ಇಪ್ಪತ್ತು ಅಂಕದ ಪ್ರಶ್ನೆ ಬಂದಿತ್ತು. ಬಟ್ಟೆ ಬದಲಿಸುವ ಮುನ್ನ ಬಾಗಿಲು ಹಾಕಬೇಕು, ಪರದೆ ಎಳೆಯಬೇಕು, ಕೆಲಸವಿಲ್ಲದವರನ್ನು ಆಚೆ ಕಳಿಸಬೇಕು ಎಂದು ಬರೆದೆ. ಹದಿನೆಂಟು ಬಂತು.

ಉಳಿದದ್ದು ಒಂದೇ, ಕೈಕೆಲಸದ ಪರೀಕ್ಷೆ. ಮನೆಯಲ್ಲೇ ಒಬ್ಬರನ್ನು ಮಲಗಿಸಿ, ಮಗ್ಗುಲು ತಿರುಗಿಸಿ, ಬೆನ್ನು ಒರೆಸಿ, ಚರ್ಮ ಕೆಂಪಾಗಿದೆಯಾ ನೋಡಿ, ಹಾಸು ಬದಲಿಸಬೇಕು. ಎಲ್ಲವೂ ಕ್ಯಾಮೆರಾದಲ್ಲಿ ಕಾಣಬೇಕು. ಬೊಂಬೆ, ದಿಂಬು ನಡೆಯುವುದಿಲ್ಲ. ಒಬ್ಬರಿಂದೊಬ್ಬರು ಕಲಿಯಬೇಕಂತೆ, ಆದ್ದರಿಂದ ಇಡೀ ತರಗತಿ ನೋಡುತ್ತಾ ಕೂರುತ್ತದೆ.

ನಮ್ಮತ್ತೆ ಎರಡು ವರ್ಷದಿಂದ ಹಾಸಿಗೆಯಲ್ಲೇ ಇದ್ದಾರೆ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ನಾಲಿಗೆ ಮಾತ್ರ ಪೂರ್ತಿ ಸ್ವಾಧೀನದಲ್ಲಿದೆ. ವಿಷಯ ಕೇಳಿದ್ದೇ ತಡ, "ನಾನಿದ್ದೀನಲ್ಲ ಕಣೇ, ಇದಕ್ಕಾದ್ರೂ ಉಪಯೋಗಕ್ಕೆ ಬರ್ತೀನಿ" ಎಂದರು. ಪರೀಕ್ಷೆಯ ದಿನ ಬೆಳಗ್ಗೆ ತಲೆ ಬಾಚಿಸಿಕೊಂಡರು. ನೀಲಿ ಹೊದಿಕೆಯೇ ಬೇಕೆಂದು ಹಟ ಹಿಡಿದರು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಕೈ ತೊಳೆದೆ, ಕರೆದು ಮಾತಾಡಿಸಿದೆ, "ಈಗ ತಿರುಗಿಸ್ತೀನಿ ಅತ್ತೆ" ಎಂದು ಹೇಳಿಯೇ ತಿರುಗಿಸಿದೆ. ಬೆನ್ನಿನ ಬಟ್ಟೆ ಸರಿಸಬೇಕು, ಅಷ್ಟರಲ್ಲಿ ನನ್ನ ಎಡಗೈ ತನ್ನಷ್ಟಕ್ಕೆ ತಾನೇ ಹೋಗಿ ಫೋನನ್ನು ಗೋಡೆಯ ಕಡೆ ತಿರುಗಿಸಿತು. ನಾನು ಯೋಚಿಸಿ ಮಾಡಿದ್ದಲ್ಲ. ಹತ್ತೊಂಬತ್ತು ವರ್ಷ ಬಾಗಿಲು ಹಾಕಿದ ಕೈ ಅದು.

"ಕಾಣ್ತಿಲ್ಲ! ಕಾಣ್ತಿಲ್ಲ!" ಎಂದು ಫೋನು ಕೂಗಿತು.

"ಬಟ್ಟೆ ಬದಲಾಯಿಸ್ತಿದ್ದೀನಿ ಮೇಡಂ" ಎಂದೆ.

ಸಂಜೆಗೆ ಫಲಿತಾಂಶ ಬಂತು. ಸೊನ್ನೆ. ಕಾರಣ: ನಾಲ್ಕು ನಿಮಿಷ ಅಭ್ಯರ್ಥಿಯ ಕೆಲಸ ಕಾಣಿಸಲಿಲ್ಲ. ಪರದೆ ಎಳೆಯಬೇಕೆಂದು ಬರೆದರೆ ಹದಿನೆಂಟು, ಎಳೆದರೆ ಸೊನ್ನೆ! ಪಿತ್ತ ನೆತ್ತಿಗೇರಿತು. ಮೇಡಮ್ಮಿಗೆ ಫೋನ್ ಮಾಡಿ ಇದನ್ನೇ ಕೇಳಿದೆ. "ನಿಮ್ಮ ಭಾವನೆ ಅರ್ಥ ಆಗುತ್ತೆ" ಎಂದರು. ಅವರಿಗೆ ಅರ್ಥವಾದರೆ ನಾನದನ್ನು ಉಪ್ಪು ಹಾಕಿಕೊಂಡು ನೆಕ್ಕಬೇಕಾ? ನೀವೊಬ್ಬರೇ ನೋಡಿ, ಉಳಿದವರನ್ನು ಆಚೆ ಕಳಿಸಿ ಎಂದು ಬೇಡಿಕೊಂಡೆ. ನಿಯಮದಲ್ಲಿ ಇಲ್ಲವಂತೆ. ಗುರುವಾರ ನಾಲ್ಕು ಗಂಟೆಗೆ ಇನ್ನೊಂದು ಅವಕಾಶ, ಅದೇ ಕೊನೆಯದು.

ನನಗೆ ಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ. ಇರುವವನು ಒಬ್ಬ ಗಂಡ. ಎದುರಿಗೆ ಅವನಿಗೆ ಬಹುವಚನ ಕೊಡುತ್ತೇನೆ, ಇಲ್ಲಿ ಕೊಡುವುದಿಲ್ಲ.

"ರೀ, ಹತ್ತು ನಿಮಿಷ ಮಲಗಿ ಸಾಕು. ಗಂಡಸಿನ ಬೆನ್ನು, ಯಾರು ನೋಡಿದ್ರೇನು?"

"ಮೂವತ್ತಾರು ಜನದ ಮುಂದೆ ಬಟ್ಟೆ ಬಿಚ್ಚಿ ಮಲಗ್ಲಾ? ನನಗೂ ಮಾನ ಮರ್ಯಾದೆ ಇದೆ."

"ನಿಮ್ಮಮ್ಮನಿಗೆ ಇಲ್ವಾ?"

"ಅವಳಿಗೇನು ಗೊತ್ತಾಗುತ್ತೆ ಬಿಡು, ವಯಸ್ಸಾಗಿದೆ."

ಬಾಗಿಲು ತೆರೆದಿತ್ತು. ಒಳಗಿಂದ ಅತ್ತೆಯ ದನಿ ಬಂತು, "ಗೊತ್ತಾಗುತ್ತೆ ಕಣೋ." ನನ್ನ ಗಂಡ ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ. ಎರಡು ವರ್ಷದಲ್ಲಿ ಒಂದು ದಿನವೂ ತಾಯಿಯ ಹಾಸು ಬದಲಿಸದವನ ಮಾನ ಮರ್ಯಾದೆ ಅದು.

ನಾನು ಒಳಗೆ ಹೋದಾಗ ಅತ್ತೆ ಸೂರು ನೋಡುತ್ತಾ ಮಲಗಿದ್ದರು. "ಗುರುವಾರ ನಾನೇ ಮಲಗ್ತೀನಿ. ಈ ಸಲ ಫೋನು ಮುಟ್ಟಬೇಡ. ಎಲ್ಲ ನೋಡ್ಲಿ. ಎರಡು ವರ್ಷ ಮಲಗಿದ ಬೆನ್ನಲ್ಲಿ ಒಂದು ಹುಣ್ಣಿಲ್ಲ, ಅಂಥ ಬೆನ್ನು ಅವರು ಎಲ್ಲಿ ನೋಡಿರ್ತಾರೆ?"

"ಬೇಡ ಅತ್ತೆ."

"ಬೇಕು ಅಂತಿದ್ದೀನಲ್ಲ!"

ಮೂರು ದಿನದಲ್ಲಿ ಹತ್ತು ಸಲ ಹೇಳಿದರು. ಹತ್ತನೇ ಸಲಕ್ಕೆ ನಾನೂ ಹೂಂ ಎಂದೆ. ಕುರ್ಚಿ ಬೇಕಿತ್ತು ನನಗೆ. ಸುಳ್ಳು ಯಾಕೆ ಹೇಳಲಿ?

ಗುರುವಾರ ನಾಲ್ಕಕ್ಕೆ ಫೋನನ್ನು ಕಿಟಕಿಗೆ ಒರಗಿಸಿಟ್ಟೆ. ಕೈ ತೊಳೆದೆ. ತಿರುಗಿಸಿದೆ. ಬಟ್ಟೆಯ ಅಂಚು ಹಿಡಿದು, ಕಾಣುತ್ತಿದೆಯಾ ಎಂದು ಒಮ್ಮೆ ಪರದೆ ನೋಡಿದೆ. ನೋಡಬಾರದಿತ್ತು. ಡ್ರೈವರು ಏನೋ ಅಗಿಯುತ್ತಿದ್ದ. ಒಬ್ಬ ಕಾವಲುಗಾರ ಗೇಟಿನಲ್ಲಿ ಹೋಗುತ್ತಿದ್ದ ಯಾರನ್ನೋ ಕರೆದು ತನ್ನ ಫೋನು ತೋರಿಸುತ್ತಿದ್ದ. ಯಾರೋ ಒಬ್ಬ ಸರಿಯಾಗಿ ಕಾಣಲೆಂದು ಮುಖವನ್ನು ಹತ್ತಿರ ತಂದ. ನನ್ನ ಮೈಯೆಲ್ಲ ಉರಿದು ಹೋಯಿತು. ಈ ಸಲ ಕೈ ತಾನಾಗಿ ಹೋಗಲಿಲ್ಲ. ನಾನೇ ಹೋಗಿ ಫೋನನ್ನು ಗೋಡೆಗೆ ತಿರುಗಿಸಿದೆ.

"ತಿರುಗಿಸಬೇಡ್ವೇ! ಫೇಲಾಗ್ತೀಯ!" ಅತ್ತೆ ಕಿರುಚಿದರು.

"ಸುಮ್ನಿರಿ ಅತ್ತೆ."

ಅವರು ಸುಮ್ಮನಿರಲಿಲ್ಲ. ಗೋಡೆ ನೋಡುತ್ತಿದ್ದ ಫೋನಿಗೆ ಕೇಳಲೆಂದು ಗಂಟಲು ಹರಿಯುವಂತೆ ಕೂಗತೊಡಗಿದರು. "ಮೇಡಂ, ಈಗ ಬಟ್ಟೆ ತೆಗೆದಳು, ಬರ್ಕೊಳ್ಳಿ! ನೀರು ಬೆಚ್ಚಗಿದೆ. ಮೇಲಿಂದ ಕೆಳಗೆ ಒರೆಸ್ತಿದ್ದಾಳೆ. ನೋವಿಲ್ಲ. ಬರ್ಕೊಂಡ್ರಾ? ಹುಣ್ಣಿಲ್ಲ, ಎರಡು ವರ್ಷ ಆಯ್ತು, ಒಂದೂ ಇಲ್ಲ. ಹಳೇ ಹಾಸು ಎಳೆದಳು. ಹೊಸದು ಹಾಕಿದಳು. ಒಂದು ಸುಕ್ಕಿಲ್ಲ, ಬರ್ಕೊಳ್ಳಿ ಮೇಡಂ!"

ಬಟ್ಟೆ ಹೊದಿಸಿ ಫೋನನ್ನು ಮತ್ತೆ ನಮ್ಮ ಕಡೆ ತಿರುಗಿಸಿದೆ. ಯಾರೂ ಅಗಿಯುತ್ತಿರಲಿಲ್ಲ. ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. "ಅಮ್ಮ, ನೀವು ಹೇಳಿದ್ದೆಲ್ಲ ಕೇಳಿಸ್ತು. ಆದ್ರೆ ಕಾಣದಿದ್ದಕ್ಕೆ ಅಂಕ ಕೊಡೋಕೆ ನನಗೆ ಆಗಲ್ಲ. ಸಾರಿ" ಎಂದರು. ಮುಂದಿನ ಅಭ್ಯರ್ಥಿಯನ್ನು ಕರೆದರು. ನಾನು ಫೋನು ಆರಿಸಿದೆ.

ಹೋಯಿತು ಕುರ್ಚಿ. ಆದರೂ ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಹೆಮ್ಮೆಯಾಗಿತ್ತು. ದೊಡ್ಡ ಕೆಲಸ ಮಾಡಿದವಳಂತೆ ಮಂಚದ ಅಂಚಿಗೆ ಕೂತು, "ಹೋಗ್ಲಿ ಬಿಡಿ ಅತ್ತೆ. ನಿಮ್ಮ ಮಾನಕ್ಕಿಂತ ಅದೇನು ಹೆಚ್ಚಲ್ಲ" ಎಂದೆ.

ಅವರ ಕಣ್ಣು ಕೆಂಪಾಗಿತ್ತು. ಅಳು ಅಂದುಕೊಂಡೆ. ಅಳುವಲ್ಲ.

"ನನ್ನ ಮಾನ ಯಾವುದು ಅಂತ ನಿನ್ನ ಕೇಳಿದ್ನಾ? ತೋರಿಸು ಅಂತ ಎಷ್ಟು ಸಲ ಬಡ್ಕೊಂಡೆ? ಇವಳಿಗೇನು ಗೊತ್ತಾಗುತ್ತೆ ಅಂತ ಅವನು ಬಾಯಿ ಬಿಟ್ಟು ಅಂದ. ನೀನು ಅನ್ನಲಿಲ್ಲ, ಮಾಡಿ ತೋರಿಸಿದೆ. ಎರಡು ವರ್ಷ ಎಲ್ಲ ನಿನ್ನ ಕೈಲೇ ಮಾಡಿಸ್ಕೊಂಡಿದ್ದೀನಿ. ವಾಪಸ್ ಕೊಡೋಕೆ ನನ್ನ ಹತ್ರ ಇದ್ದಿದ್ದು ಈ ಬೆನ್ನೊಂದೇ. ಅದನ್ನೂ ಬೇಡ ಅಂದುಬಿಟ್ಟೆಯಲ್ಲೇ."

ವಿಶ್ವವಿದ್ಯಾಲಯದ ಮೇಲೆ, ಗಂಡನ ಮೇಲೆ, ಆ ಮೂವತ್ತಾರು ಮುಖದ ಮೇಲೆ ಇದ್ದ ಸಿಟ್ಟು ಹಾಗೆಯೇ ಇತ್ತು. ಅದಕ್ಕೆ ಇನ್ನೊಂದು ಸೇರಿತು, ಅದು ನನ್ನ ಮೇಲಿನದು.

"ನನ್ನ ಆ ಕಡೆ ತಿರುಗಿಸು" ಎಂದರು ಅತ್ತೆ. "ನಿನ್ನ ಮುಖ ನೋಡೋಕೆ ಇಷ್ಟ ಇಲ್ಲ."

ತಾವಾಗಿ ತಿರುಗಿಕೊಳ್ಳಲು ಅವರಿಗೆ ಆಗುವುದಿಲ್ಲ. ನಾನು ಎದ್ದು ಕೈ ತೊಳೆದೆ. "ಈಗ ತಿರುಗಿಸ್ತೀನಿ ಅತ್ತೆ" ಎಂದೆ. ಅವರ ಮೊಣಕಾಲು ಮಡಿಸಿ, ಭುಜ ಮತ್ತು ಸೊಂಟ ಎರಡನ್ನೂ ಒಟ್ಟಿಗೆ ಹಿಡಿದು, ನಿಧಾನವಾಗಿ ನನ್ನಿಂದ ಆಚೆಗೆ ತಿರುಗಿಸಿದೆ. ಬೆನ್ನಿಗೆ ದಿಂಬು ಕೊಟ್ಟೆ. ಒಂದು ಹಂತವೂ ತಪ್ಪಲಿಲ್ಲ. ನೋವಾಯಿತಾ ಎಂದು ಕೇಳಿದೆ. ಅವರು ಹೇಳಲಿಲ್ಲ.