ಬೀಗರಿಗೆ ಆರಿಸಿದ್ದು

ವದಾದ್ ಆಲೂಗಡ್ಡೆಯ ರಾಶಿಯ ಮುಂದೆ ಕೂತು ಕೊಳೆತದ್ದನ್ನು ಬೇರೆ ಮಾಡುತ್ತಿದ್ದಳು. ಮೇಸ್ತ್ರಿಯಾದ ಮೇಲೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ.

"ಅಕ್ಕಾ, ಸಂಡಾಸದ ಕೀಲಿ ಕೊಡ್ರಿ. ತಡಕೊಳ್ಳಾಕ ಆಗವಲ್ದು," ಎಂದಳು ಪಕ್ಕದಲ್ಲಿದ್ದ ಹಸ್ನಾ. ದಿನ ತುಂಬುತ್ತಿದ್ದ ಬಸುರಿ.

"ಧಣಿ ಇಲ್ಲೇ ಅದಾನ. ತಡಿ."

"ಹಂಗಾರ ಕಾಲುವಿ ಕಡೆ ಹೋಗಿ ಬರ್ತೀನಿ."

"ಲಾರಿ ತುಂಬೂತನಕ ಗೇಟು ತೆಗಿಯೂದಿಲ್ಲ."

ಸಿರಿಯಾದ ಹೆಂಗಸರು ಗಡಿ ದಾಟಿ ಬಂದು ಬೆಕಾ ಬಯಲಿನ ಈ ಊರಿನ ಅಂಚಿನಲ್ಲಿ ಗುಡಾರ ಹಾಕಿದ ಮೇಲೆ ನಖ್ಲೆ ಧಣಿ ಊರಿನ ಕೂಲಿ ಹೆಂಗಸರನ್ನೆಲ್ಲ ಬಿಡಿಸಿದ್ದ. ಅರ್ಧ ಕೂಲಿಗೆ ಇವರು ಸಿಗುವಾಗ ಅವರೇಕೆ? ಉಳಿದವಳು ವದಾದ್ ಒಬ್ಬಳೇ. ಅಲ್ಲಿಯವರೆಗೆ ಅವಳೂ ಎಲ್ಲರ ಹಾಗೆ ಕಾಲುವೆಯ ಪೊದೆಯ ಹಿಂದೆ ಹೋಗುತ್ತಿದ್ದವಳು. 'ಏ ಇವಳೇ' ಎಂಬುದೇ ಅವಳ ಹೆಸರು. ಈಗ ಧಣಿ ಹೆಸರು ಹಿಡಿದು ಕರೆದು ಕಕ್ಕಸಿನ ಕೀಲಿ ಕೊಟ್ಟಿದ್ದ. ಮೊದಲ ದಿನ ಒಳಗೆ ಚಿಲಕ ಹಾಕಿಕೊಂಡು ಕೂತು ಅವಳು ಸುಖಕ್ಕೆ ಅತ್ತಿದ್ದಳು. ಕೆಲಸ ಕಳೆದುಕೊಂಡ ನಾದಿನಿ ಮಾತು ಬಿಟ್ಟದ್ದು ಆ ಹೊತ್ತು ನೆನಪೇ ಆಗಿರಲಿಲ್ಲ.

ನಖ್ಲೆ ಕಾಫಿ ಕುಡಿಯುತ್ತಾ ಹತ್ತಿರ ಬಂದ. "ಏನವಾ ವದಾದ್, ಏನಂತಾಳ ಆ ರಂಡಿ?"

"ಬಸುರಿ ಅದಾಳ್ರಿ ಧಣಿ. ಒಂದ್ಸಲ ಕೀಲಿ..."

"ಬಸುರಾಗೂವಾಗ ನನ್ನ ಕೇಳಿದ್ಲೇನು? ಅಕಿಗೆ ಕೀಲಿ ಕೊಟ್ಟಿ ಅಂದ್ರ ನಾಳಿಂದ ನೀನೂ ಗುಡಾರದಾಗ ಬಿದ್ದಿರು. ನಿನ್ನ ಜಾಗಕ್ಕ ಬರಾವ್ರು ಭಾಳ ಮಂದಿ ಅದಾರ."

ವದಾದ್ ಕೊರಳಲ್ಲಿದ್ದ ಕೀಲಿಯನ್ನು ಕುಪ್ಪಸದೊಳಗೆ ಸರಿಸಿದಳು. "ಕೂತ್ಕೋ," ಎಂದಳು ಹಸ್ನಾಳಿಗೆ.

ಹಸ್ನಾ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಲಂಗದಡಿಯಿಂದ ಉಚ್ಚೆ ಹರಿದು ರಾಶಿಯ ಬುಡ ತೊಯ್ದಿತು. ಅವಳು ತಲೆ ಎತ್ತಲಿಲ್ಲ, ಆರಿಸುತ್ತಲೇ ಇದ್ದಳು.

ಲಾರಿಯ ಮೇಲಿದ್ದ ಗಂಡಸರು ನಕ್ಕರು. ನಖ್ಲೆಯೂ ನಕ್ಕ. "ಥೂ. ದನಾನೂ ಎದ್ದು ನಿಂತು ಹುಯ್ತಾವ. ತೊಯ್ದದ್ದನ್ನ ಒಂದು ಚೀಲಕ್ಕ ತುಂಬಿ ಇವಳ ಗುಡಾರಕ್ಕ ಒಗಿ, ಇವತ್ತಿನ ಕೂಲಿ ಅದೇ. ನಮ್ಮನಿಗೆ ಚೊಲೋವು ಆರಿಸಿಡು. ನಾಳೆ ಬೀಗರು ಊಟಕ್ಕ ಬರ್ತಾರ."

ಎಲ್ಲರೂ ಹೋದ ಮೇಲೆ ವದಾದ್ ತೊಯ್ದ ಆಲೂಗಡ್ಡೆಗಳನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸಿದಳು. ತೊಳೆಯಲಿಲ್ಲ. ಒಣಗಿದ ಮೇಲೆ ಧಣಿಯ ಮನೆಯ ಚೀಲಕ್ಕೆ ತುಂಬಿ, ಬಾಯಿ ಹೊಲಿದಳು. ಒಳ್ಳೆಯ ಗಡ್ಡೆಗಳ ಚೀಲವನ್ನು ತಾನೇ ಹೊತ್ತುಕೊಂಡು ಹೋಗಿ ಹಸ್ನಾಳ ಗುಡಾರದೆದುರು ಇಳಿಸಿದಳು.

ಹಸ್ನಾ ಹೊರಗೆ ಬಂದಳು. ಚೀಲ ನೋಡಿದಳು, ಬಿಚ್ಚಲಿಲ್ಲ. ವದಾದಳ ಕಾಲ ಬುಡಕ್ಕೆ ಉಗುಳಿದಳು.

ವದಾದ್ ಚೀಲವನ್ನು ಗುಡಾರದೊಳಗೆ ಸರಿಸಿ ತಿರುಗಿ ನಡೆದಳು.