ಹಸುವಿನ ಪಾಲಿನ ಮುದ್ದೆ

ಆಶಾಳಿಗೆ ಮುದ್ದೆ ನುಂಗಲು ಬರುತ್ತಿರಲಿಲ್ಲ. ಹಂದನಕೆರೆಯಂಥ ಊರಿಗೆ ಸೊಸೆಯಾಗಿ ಬಂದವಳು ಇದನ್ನು ಮೊದಲ ದಿನವೇ ಹೇಳಿಬಿಡಬೇಕಿತ್ತು. ಆದರೆ ಆ ದಿನ ಅತ್ತೆ ರಂಗಮ್ಮ ಬಿಸಿ ಮುದ್ದೆಯನ್ನು ತಟ್ಟೆಗೆ ಹಾಕಿ, ಮೇಲೊಂದು ಗುಳಿ ಮಾಡಿ ತುಪ್ಪ ಬಿಟ್ಟು, "ತಿನ್ನವ್ವ, ನನ್ ಕೈ ಮುದ್ದೆ ತಿಂದೋರು ಇನ್ನೊಬ್ರ ಮನೆ ಮುದ್ದೆ ಮುಟ್ಟಲ್ಲ" ಎಂದು ಎದುರಿಗೇ ಕುಳಿತುಬಿಟ್ಟಳು. ಅಷ್ಟು ಆಸೆಯಿಂದ ನೋಡುತ್ತಿದ್ದ ಮುಖಕ್ಕೆ ಇಲ್ಲವೆನ್ನಲು ಆಶಾಳಿಗೆ ಬಾಯಿ ಬರಲಿಲ್ಲ. ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ಅದು ಹಲ್ಲಿಗೆ ಅಂಟಿತು, ಅಂಗುಳಕ್ಕೆ ಅಂಟಿತು, ಗಂಟಲ ಬಾಗಿಲಲ್ಲಿ ಮೊಂಡಾಗಿ ಕುಳಿತಿತು.

ಅಷ್ಟರಲ್ಲಿ ಯಾರೋ ಬೀದಿಯಿಂದ ಕೂಗಿದರು, ರಂಗಮ್ಮ ಎದ್ದು ಹೋದಳು. ಹಿತ್ತಿಲ ಬಾಗಿಲ ಪಕ್ಕದಲ್ಲಿ ಕಲಗಚ್ಚಿನ ಬಕೆಟ್ಟಿತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಎಲ್ಲ ಹಸುವಿಗೆಂದು ಅದಕ್ಕೇ ಬೀಳುತ್ತಿತ್ತು. ಆಶಾ ತಾನೇನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಮುದ್ದೆ ಬಕೆಟ್ಟಿನಲ್ಲಿತ್ತು. ತಿರುಗಿ ಬಂದ ರಂಗಮ್ಮ ಖಾಲಿ ತಟ್ಟೆ ನೋಡಿ ಹಿರಿಹಿರಿ ಹಿಗ್ಗಿ ಇನ್ನೊಂದು ಮುದ್ದೆ ಹಾಕಿದಳು.

ಅವತ್ತಿನಿಂದ ಊರಲ್ಲೆಲ್ಲ ಒಂದೇ ಮಾತು. ತಿಪಟೂರು ಪೇಟೆಯಿಂದ ತಂದ ಸೊಸೆಯಾದರೂ ಹೊತ್ತಿಗೆ ಎರಡು ಮುದ್ದೆ ಉಣ್ಣುತ್ತಾಳೆ. ನಲ್ಲಿಯ ಹತ್ತಿರ, ಡೇರಿಯ ಹತ್ತಿರ, ಕಾಯಿ ಸುಲಿಯಲು ಬಂದ ಆಳುಗಳ ಎದುರಿಗೆ, ರಂಗಮ್ಮ ಹೇಳಿದ್ದೇ ಹೇಳಿದ್ದು. ಇಷ್ಟು ಹೆಸರು ಬಂದ ಮೇಲೆ ನಿಜ ಹೇಳುವುದು ಇನ್ನೂ ಕಷ್ಟವಾಯಿತು. ಆಶಾ ಹಿತ್ತಿಲ ಬಾಗಿಲ ಪಕ್ಕವೇ ತನ್ನ ಜಾಗ ಮಾಡಿಕೊಂಡಳು. ಎಲ್ಲರ ಕಣ್ಣು ತಪ್ಪಿಸಿ ಮುದ್ದೆ ಬಕೆಟ್ಟಿಗೆ, ಆಮೇಲೆ ಹೊಟ್ಟೆ ತುಂಬ ಅನ್ನ ತನಗೆ.

ಮಗಳು ನಯನ ಹುಟ್ಟಿದಳು, ಅಮ್ಮನ ಮಗ್ಗುಲಲ್ಲೇ ಕುಳಿತು ಉಣ್ಣಲು ಕಲಿತಳು. ಅಮ್ಮನ ಹಾಗೇ ಹಪ್ಪಳವನ್ನು ಅಂಚಿನಿಂದ ಸುತ್ತ ಕಡಿದುಕೊಂಡು ಬರುತ್ತಿದ್ದಳು. ಅಮ್ಮನ ಹಾಗೇ ಮಜ್ಜಿಗೆ ಅನ್ನಕ್ಕೆ ತಳದ ಗಟ್ಟಿ ಸಾರು ಬೇಕೆನ್ನುತ್ತಿದ್ದಳು. ಉಪ್ಪಿನಕಾಯಿ ನಾಲಿಗೆಗೆ ತಾಗಿದಾಗ ಇಬ್ಬರೂ ಎಡಗಣ್ಣನ್ನೇ ಮುಚ್ಚುತ್ತಿದ್ದರು. "ಅಚ್ಚು ಹೊಡ್ದಂಗೈತೆ ನೋಡಿ" ಎಂದು ಮಾವ ದೊಡ್ಡಣ್ಣ ನಗುತ್ತಿದ್ದ. ಚಿಕ್ಕ ಮಗುವೆಂದು ಅವಳಿಗೆ ಯಾರೂ ಮುದ್ದೆ ಹಾಕುತ್ತಿರಲಿಲ್ಲ.

ನಯನ ಯುಕೆಜಿ ಸೇರಿದ ವರ್ಷ, ಒಂದು ಭಾನುವಾರ, ರಂಗಮ್ಮ ಮೊಮ್ಮಗಳಿಗೆಂದೇ ನಿಂಬೆಹಣ್ಣಿನ ಗಾತ್ರದ ಒಂದು ಪುಟ್ಟ ಮುದ್ದೆ ಕಟ್ಟಿ ತಟ್ಟೆಗೆ ಹಾಕಿದಳು. "ಇವತ್ತಿಂದ ನೀನೂ ದೊಡ್ಡೋಳು ಕಣೇ."

ನಯನ ಸಂಭ್ರಮದಿಂದ ಎದ್ದಳು. ಮುದ್ದೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಎಲ್ಲರ ಮುಂದೆಯೇ ಹಿತ್ತಿಲ ಬಾಗಿಲಿಗೆ ನಡೆದು ಬಕೆಟ್ಟಿಗೆ ಬಿಟ್ಟಳು. ಡುಬುಕ್ ಎಂದಿತು. ಕೈಯನ್ನು ಲಂಗಕ್ಕೆ ಒರೆಸಿಕೊಂಡು ವಾಪಸ್ಸು ಬಂದು ಕುಳಿತು ಹೇಳಿದಳು: "ನಂದು ಮುದ್ದೆ ಆಯ್ತು. ಅನ್ನ ಹಾಕಜ್ಜಿ."

ಗಾಬರಿಯಲ್ಲಿ ಆಶಾಳೇ ಮೊದಲು ಗದರಿದಳು.

"ಏಯ್! ತಿನ್ನೋ ಮುದ್ದೇನ ಯಾರಾದ್ರೂ ಬಕೆಟ್ಟಿಗೆ ಹಾಕ್ತಾರೇನೇ?"

ನಯನ ಕಣ್ಣರಳಿಸಿದಳು. ಅವಳಿಗೆ ಕೋಪವಿರಲಿಲ್ಲ, ಬರೀ ಆಶ್ಚರ್ಯ. "ಹಂಗೇ ಅಲ್ವೇನಮ್ಮಾ ಉಣ್ಣೋದು? ಮುದ್ದೆ ಹಸೂಗೆ, ಅನ್ನ ನಮ್ಗೆ?"

"ಸುಳ್ ಹೇಳ್ಬೇಡ ಕಣೇ" ಎಂದಳು ರಂಗಮ್ಮ. "ನಿಮ್ಮಮ್ಮ ಎರಡೆರಡು ಮುದ್ದೆ ತಿನ್ನೋಳು."

"ಇಲ್ಲಜ್ಜಿ. ಎರಡೂ ಹಸೂಗೇ."

ಆಶಾಳ ಗಂಡ ಕಲ್ಲೇಶ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. "ಅದ್ಕೇನಾ ಆ ಹಸು ಹಂಗ್ ದಪ್ಪ ಆಗಿರೋದು! ಡಾಕ್ಟ್ರು ಗಬ್ಬ ಅಂತ ಬಂದ್ ಬಂದ್ ಕೈ ಹಾಕಿ ನೋಡಿ, ಏನೂ ಇಲ್ವಲ್ರೀ ಅಂತ ತಲೆ ಕೆರ್ಕೊಂಡ್ ಹೋದ್ರು!"

ಆಶಾಳಿಗೆ ಅಳು ಬರಬೇಕಿತ್ತು, ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿದರೂ ಭುಜ ಕುಣಿಯತೊಡಗಿತು. ದೊಡ್ಡಣ್ಣ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕೆಮ್ಮಿದ, ಆ ಕೆಮ್ಮು ನಿಲ್ಲಲೇ ಇಲ್ಲ. ರಂಗಮ್ಮ ಮಾತ್ರ ನಗಲಿಲ್ಲ. ಸೌಟು ಹಿಡಿದುಕೊಂಡೇ ಲೆಕ್ಕ ಹಾಕುವವಳಂತೆ ನಿಂತಿದ್ದಳು.

"ಹಂಗಾದ್ರೆ ಇಷ್ಟ್ ವರ್ಷ ನಾನು ತುಪ್ಪ ಬಿಟ್ಟಿದ್ದು ಹಸೂಗಾ?"

ಅವಳು ಸೀದಾ ಹೋಗಿ ಫೋನ್ ಎತ್ತಿಕೊಂಡು ತಿಪಟೂರಿನ ಬೀಗಿತ್ತಿಗೆ ಹಚ್ಚಿದಳು. "ಗಂಗಕ್ಕ, ನಾಳೆ ಬೆಳಿಗ್ಗೆ ಬಂದ್ಬುಡಿ. ಫೋನಲ್ಲಿ ಹೇಳೋ ವಿಷ್ಯ ಅಲ್ಲ."

ಆಶಾಳ ತಾಯಿ ಗಂಗಕ್ಕ ಮೊದಲ ಬಸ್ಸಿಗೇ ಬಂದಳು. ಬಸ್ಸಿಳಿದವಳ ಮುಖ ಬಿಳಿಚಿಕೊಂಡಿತ್ತು. ಮಗಳಿಗೆ ಏನಾಯಿತೋ, ಅಳಿಯ ಏನು ಮಾಡಿದನೋ ಎಂದು ದಾರಿಯುದ್ದಕ್ಕೂ ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ವಿಷಯ ಕೇಳಿದ್ದೇ ಅವಳು ಜಗುಲಿಯ ಮೇಲೆ ಕುಸಿದು ಕುಳಿತಳು. ನೀರು ಕುಡಿದಳು. ಆಮೇಲೆ, ಭಯವೆಲ್ಲ ಇಳಿದ ಮೇಲೆ, ಅವಳಿಗೆ ಎಲ್ಲಿಲ್ಲದ ಗತ್ತು ಬಂತು.

"ನಮ್ಮನೇಲಿ ಮುದ್ದೆ ಇಲ್ದೆ ಹೊತ್ತು ಹೋಗಲ್ಲ ರಂಗಮ್ನೋರೆ. ಇವ್ಳು ಯಾರನ್ನ ನೋಡಿ ಕಲಿತಳೋ ಕಾಣೆ! ಏನೇ ಆಶಾ, ನಾಚ್ಕೆ ಆಗಲ್ವೇನೇ?"

ಆಶಾ ತಾಯಿಯ ಮುಖವನ್ನೇ ನೋಡಿದಳು. ತಿಪಟೂರಿನ ಮನೆಯಲ್ಲಿ ಮುದ್ದೆ ತಪ್ಪುತ್ತಿರಲಿಲ್ಲ, ಅದು ನಿಜ. ಅಮ್ಮ ಬೆವರು ಸುರಿಸಿ ಮುದ್ದೆ ತಿರುವಿ ಅಪ್ಪನಿಗೂ ಅಣ್ಣನಿಗೂ ಬಡಿಸುತ್ತಿದ್ದಳು. ಅವರು ಎದ್ದ ಮೇಲೆ ತಾಯಿಮಗಳಿಬ್ಬರೂ ಒಲೆಯ ಪಕ್ಕ ಕುಳಿತು ಅನ್ನಕ್ಕೆ ಸಾರು ಕಲಸಿಕೊಂಡು ಹರಟುತ್ತಾ ಉಣ್ಣುತ್ತಿದ್ದರು. ಅಮ್ಮನ ತಟ್ಟೆಯಲ್ಲಿ ಮುದ್ದೆ? ಆಶಾ ನೆನಪನ್ನೆಲ್ಲ ತಡಕಾಡಿದಳು. ಒಂದೇ ಒಂದು ದಿನವೂ ಕಾಣಲಿಲ್ಲ. ಇಷ್ಟು ವರ್ಷ ಅದು ತನ್ನ ಗಂಟಲಿನ ದೋಷವೆಂದೇ ಅವಳು ತಿಳಿದಿದ್ದಳು.

ಮಧ್ಯಾಹ್ನ ರಂಗಮ್ಮ ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ ಮಾಡಿ ಎಲ್ಲರನ್ನೂ ಸಾಲಾಗಿ ಕೂರಿಸಿದಳು. ಗಂಗಕ್ಕನ ತಟ್ಟೆಗೆ ಬಿದ್ದ ಮುದ್ದೆ ಎಳನೀರು ಬುರುಡೆಯಷ್ಟಿತ್ತು. ಗಂಗಕ್ಕ ಹುಬ್ಬು ಹಾರಿಸಲಿಲ್ಲ. "ಆಹಾ, ಏನ್ ಹದ ರಂಗಮ್ನೋರೆ!" ಎಂದು ಒಂದು ತುಂಡು ಮುರಿದಳು. ಸಾರಿನಲ್ಲಿ ಅದ್ದಿದಳು. ಅದನ್ನು ಹಿಡಿದುಕೊಂಡೇ ಈ ಸಲದ ಕೊಬ್ಬರಿ ರೇಟಿನ ಬಗ್ಗೆ ಕಲ್ಲೇಶನನ್ನು ವಿಚಾರಿಸಿದಳು. ಅವನು ಉತ್ತರ ಹೇಳುವಷ್ಟರಲ್ಲಿ ಆ ತುಂಡು ಸೊಪ್ಪಿನ ಪಲ್ಯದ ಅಡಿಗೆ ಸೇರಿತ್ತು. ಇನ್ನೊಂದು ತುಂಡು ಹಪ್ಪಳದ ಕೆಳಗೆ ಹೋಯಿತು. ಮೂರನೆಯದನ್ನು ಎಲ್ಲಿಡಲಿ ಎಂದು ಅವಳು ಬೆರಳಾಡಿಸುತ್ತಿರುವಾಗ ಪಕ್ಕದಲ್ಲಿ ಕುಳಿತಿದ್ದ ನಯನ ಅವಳ ಮೊಣಕೈ ತಟ್ಟಿದಳು.

"ತಿಪಟೂರಜ್ಜಿ, ಬಚ್ಚಿಡ್ಬೇಡ. ಬಕೆಟ್ಟು ಅಲ್ಲೈತೆ, ಬಾ ತೋರುಸ್ತೀನಿ."

ದೊಡ್ಡಣ್ಣನ ಬಾಯಲ್ಲಿದ್ದ ಮಜ್ಜಿಗೆ ಮೂಗಿನಿಂದ ಬಂತು. ಕಲ್ಲೇಶ್ ತಟ್ಟೆ ಬಿಟ್ಟು ಉರುಳಿದ. ಆಶಾ "ಅಮ್ಮಾ! ನೀನೂನಾ!" ಎಂದು ಕಿರುಚಿ ತಾಯಿಯ ತೋಳಿಗೆ ಹಣೆ ಒತ್ತಿ ನಕ್ಕಳು. ಗಂಗಕ್ಕ ಗತ್ತು ಬಿಡಬಾರದೆಂದು ತುಟಿ ಬಿಗಿದು ನೋಡಿದಳು, ಆಗಲಿಲ್ಲ. ಪುಸಕ್ಕನೆ ನಕ್ಕವಳು ಮೂಗಿಗೆ ಸೆರಗು ಹಿಡಿದಳು. ಹಾಗೆ ನಗುವಾಗ ತಾಯಿ, ಮಗಳು, ಮೊಮ್ಮಗಳು ಮೂವರೂ ಎಡಗಣ್ಣು ಮುಚ್ಚಿದ್ದನ್ನು ಕಂಡು ರಂಗಮ್ಮನಿಗೂ ತಡೆಯಲಾಗಲಿಲ್ಲ. ಅನ್ನದ ಪಾತ್ರೆ ಹಿಡಿದುಕೊಂಡೇ ಗೋಡೆಗೊರಗಿ ಜಾರಿ ಕುಳಿತು ಹೊಟ್ಟೆ ಹಿಡಿದುಕೊಂಡಳು.

ಉಸಿರು ಬಂದ ಮೇಲೆ ಕಣ್ಣೊರೆಸಿಕೊಂಡು ಸೊಸೆಯನ್ನು ಕೇಳಿದಳು, "ಬರಲ್ಲ ಅಂತ ಒಂದ್ ಮಾತು ಹೇಳೋಕೆ ಏನಾಗಿತ್ತೇ ನಿಂಗೆ?"

"ನೀವು ಅಷ್ಟ್ ಆಸೆಯಿಂದ ನೋಡ್ತಾ ಕೂತಿದ್ರಿ ಅತ್ತೆ."

ರಂಗಮ್ಮ ಅವಳ ತಲೆಗೆ ಮೆತ್ತಗೆ ಮೊಟಕಿದಳು. "ಸರಿ. ಈಗ ಯಾರೂ ಏಳಂಗಿಲ್ಲ. ಮೂರೂ ಜನ ಈ ಕಡೆ ತಿರುಗ್ರಿ."

ಪಾಠ ಶುರುವಾಯಿತು. ದೊಡ್ಡಣ್ಣ ತುತ್ತು ಮುರಿದು ತೋರಿಸಿದ. "ಅಗೀಬ್ಯಾಡಿ, ಅದೇ ನೀವ್ ಮಾಡೋ ತಪ್ಪು. ಉಂಡೆ ಮಾಡಿ, ಸಾರಲ್ಲಿ ಅದ್ದಿ, ನಾಲ್ಗೆ ಮೇಲಿಕ್ಕಿ, ಬುಡಿ. ಅದೇ ಹೋಯ್ತದೆ." ಅವನ ಗಂಟಲ ಗುಬ್ಬಿ ಮೇಲೆದ್ದು ಕೆಳಗಿಳಿಯಿತು. ನೋಡುತ್ತಿದ್ದ ಮೂವರ ತಲೆಯೂ ಅದರ ಜೊತೆಗೇ ಎದ್ದು ಇಳಿಯಿತು. ಮತ್ತೆ ನಗು.

ನಯನ ಗೋಲಿಯಷ್ಟು ತುತ್ತನ್ನು ನಾಲಿಗೆಯ ಮೇಲಿಟ್ಟುಕೊಂಡು ಕಾದಳು. ಅದು ತಾನಾಗಿ ಎಲ್ಲಿಗೂ ಹೋಗಲಿಲ್ಲ. ಕಲ್ಲೇಶ್ ತನ್ನ ಗಂಟಲು ಉಬ್ಬಿಸಿ ಕಪ್ಪೆಯ ಹಾಗೆ ವಟಗುಟ್ಟಿದ. ನಗು ತಡೆಯಲು ನಯನ ಬಾಯಿ ಮುಚ್ಚಿದಳು, ಗುಳಕ್ಕೆಂದಿತು. ಬಾಯಿ ತೆರೆದು ಬೆರಳು ಹಾಕಿ ಹುಡುಕಿದಳು.

"ಹೋಯ್ತು! ಎಲ್ಲೋಯ್ತು? ಅಜ್ಜೀ, ಹೋಯ್ತು!"

ಮನೆಯಲ್ಲಿ ಚಪ್ಪಾಳೆ ಎದ್ದಿತು. ನಯನ ಇನ್ನೊಂದು ನುಂಗಿದಳು, ಮತ್ತೊಂದು ನುಂಗಿದಳು, ಎದ್ದು ಕುಣಿದಳು. ಆಮೇಲೆ ಒಂದು ತುತ್ತು ಉಂಡೆ ಕಟ್ಟಿ, ಸಾರಿನಲ್ಲಿ ಅದ್ದಿ, ಕೆಳಗೆ ಕೈಯೊಡ್ಡಿಕೊಂಡು ಆಶಾಳ ಬಾಯಿಯ ಹತ್ತಿರ ತಂದಳು. "ಆ ಅನ್ನು. ನನ್ ಬಂಗಾರಿ ಅಲ್ವಾ, ಒಂದೇ ಒಂದು."

ಅನ್ನ ತಿನ್ನಿಸುವಾಗ ಆಶಾ ಹೇಳುತ್ತಿದ್ದ ಮಾತುಗಳು, ಅದೇ ರಾಗ. ಆಶಾ ಬಾಯಿ ತೆರೆದಳು. ಮಗಳು ತನ್ನ ಬಾಯನ್ನೂ ತೆರೆದುಕೊಂಡು, ತಾನೇ ನುಂಗುವವಳಂತೆ ಕತ್ತು ಚಾಚಿ ನೋಡುತ್ತಿದ್ದಳು. ಆ ಮುಖವನ್ನು ನೋಡುತ್ತಾ ನೋಡುತ್ತಾ ಆಶಾ ಅಗಿಯುವುದನ್ನೇ ಮರೆತಳು. ತುತ್ತು ಬೆಚ್ಚಗೆ ಜಾರಿ ಎದೆಯೊಳಗೆ ಇಳಿದು ಹೋಯಿತು. ಅವಳಿಗೆ ಕಣ್ಣು ತುಂಬಿಬಂತು. ಖಾರಕ್ಕೋ ಯಾತಕ್ಕೋ ಅವಳಿಗೇ ಗೊತ್ತಾಗಲಿಲ್ಲ.

ಗಂಗಕ್ಕನದು ಮಾತ್ರ ಹಟದ ಗಂಟಲು. ಸಂಜೆಯವರೆಗೂ ಪ್ರಯತ್ನ ನಡೆಯಿತು. ಬಸ್ಸಿನ ಹೊತ್ತಾದಾಗ, "ಇದೊಂದ್ ಕೊನೇದು" ಎಂದು ರಂಗಮ್ಮ ಅವಳ ಬಾಯಿಗಿಟ್ಟಳು, ಅದೇ ಗಳಿಗೆಗೆ ಹಾರ್ನ್ ಕೇಳಿಸಿತು. ಗಂಗಕ್ಕ ಕೆನ್ನೆ ಉಬ್ಬಿಸಿಕೊಂಡೇ ಓಡಿ ಬಸ್ಸು ಹತ್ತಿದಳು.

"ಎಲ್ಲಿಗಮ್ಮ?" ಎಂದ ಕಂಡಕ್ಟರ್. ಗಂಗಕ್ಕ ಹೆಂಗಸರ ಉಚಿತ ಟಿಕೆಟ್ಟಿಗೆಂದು ಆಧಾರ್ ಕಾರ್ಡ್ ತೋರಿಸಿದಳು. "ಅದ್ ಸರಿ, ಇಳಿಯೋದ್ ಎಲ್ಲಿ?" ಗಂಗಕ್ಕ ಬಾಯಿ ಮುಚ್ಚಿಕೊಂಡು ಮುಂದಕ್ಕೆ ಕೈ ತೋರಿಸಿದಳು. ಕೆಳಗಿನಿಂದ ನಯನ ಕೂಗಿದಳು, "ತಿಪಟೂರಿಗೆ! ನಮ್ಮಜ್ಜಿ ಬಾಯಲ್ಲಿ ಮುದ್ದೆ ಐತೆ!" ಬಸ್ಸಿಗೆ ಬಸ್ಸೇ ನಗುತ್ತಾ ಹೊರಟಿತು.

ದೀಪ ಹಚ್ಚುವ ಹೊತ್ತಿಗೆ ಗಂಗಕ್ಕನ ಫೋನ್ ಬಂತು.

"ಮನೆ ಸೇರ್ದೆ ಕಣೇ."

"ನುಂಗಿದ್ಯಾಮ್ಮ?"

"ಕಿಟಕಿಯಿಂದ ಆಚೆಗೆ ಉಗ್ದೆ. ನಿಮ್ಮತ್ತೆಗೆ ಮಾತ್ರ ಹೇಳ್ಬುಟ್ಟೀಯ, ಹುಷಾರು."

"ಸ್ಪೀಕರ್ ಆನ್ ಮಾಡವ್ಳೆ ಅಮ್ಮಾ, ನಿನ್ ಮೊಮ್ಮಗಳು."

ರಂಗಮ್ಮ ನಗುತ್ತಾ ಫೋನಿನ ಹತ್ತಿರ ಬಗ್ಗಿದಳು. "ಬುಡಿ ಗಂಗಕ್ಕ. ಇನ್ನೊಂದ್ ಸಲ ಬನ್ನಿ, ರೊಟ್ಟಿ ಹಾಕ್ತೀನಿ."